ಗಡಿಕಲ್ಲಿನಾಚೆಯ ಬೆಂಚು

ನಮ್ಮ ಊರಿನ ಹಲಗೆಯಲ್ಲಿ ಮೂರು ಅಂಕಿಗಳಿಗೆ ಮಾತ್ರ ಜಾಗವಿದೆ. ಗಡಿಕಲ್ಲಿನ ಪಕ್ಕದಲ್ಲಿ ಎರಡು ತೇಗದ ಕಂಬಗಳ ನಡುವೆ ಅದನ್ನು ನಿಲ್ಲಿಸಿದ್ದಾರೆ. ಹಿತ್ತಾಳೆಯ ತಗಡುಗಳ ಮೇಲೆ ಅಂಕಿ ಕೆತ್ತಿದೆ. ಒಬ್ಬರು ಕಲ್ಲು ದಾಟಿ ಒಳಗೆ ಬಂದರೆ ತಗಡು ಟಕ್ಕೆಂದು ಮಗುಚಿ ಒಂದು ಹೆಚ್ಚಾಗುತ್ತದೆ. ಯಾರಾದರೂ ಹೊರಗೆ ಹೋದರೆ, ಇಲ್ಲವೇ ಒಳಗೆ ತೀರಿಕೊಂಡರೆ, ಒಂದು ಕಡಿಮೆಯಾಗುತ್ತದೆ. ಅದನ್ನು ಯಾರೂ ತಿರುಗಿಸುವುದಿಲ್ಲ. ದನಕರು, ನಾಯಿ, ಕೋಳಿ ಲೆಕ್ಕಕ್ಕಿಲ್ಲ. ಹೊಟ್ಟೆಯಲ್ಲಿರುವ ಕೂಸು ಹುಟ್ಟುವವರೆಗೆ ಲೆಕ್ಕಕ್ಕಿಲ್ಲ. ಹಲಗೆಯ ಪಕ್ಕದ ಗಡಿ ಕಚೇರಿಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ. ಅದಕ್ಕೂ ಮೊದಲು ಊರಿನ ವಾರಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಇಲ್ಲಿ ಕೊಡುವ ಅಂಕಿಗಳೆಲ್ಲ ಕಚೇರಿಯ ದಫ್ತರಿನಲ್ಲಿವೆ, ಬೇಕಾದವರು ಬಂದು ನೋಡಬಹುದು. ಜಾಗವಿದ್ದರೆ.

ಒಂಬೈನೂರ ತೊಂಬತ್ತೊಂಬತ್ತರ ಮೇಲೆ ಒಂದು ಕೂಡಿದರೆ ಏನಾಗುತ್ತದೆ ಎಂಬುದನ್ನು ನಾನು ಹೋಗಿ ನೋಡಿ ಬರೆದಿದ್ದೇನೆ. ಇಪ್ಪತ್ತೇಳು ವರ್ಷಗಳ ಹಿಂದೆ, ಒಂದು ಗುರುವಾರ ಬೆಳಿಗ್ಗೆ, ನದಿಯಾಚೆಯ ಊರಿಗೆ ಮದುವೆಯ ದಿಬ್ಬಣ ಬಂತು. ಆ ಊರಿಗೂ ಇಂಥದೇ ಹಲಗೆ ಇತ್ತು, ಕಾಯುವವರಿರಲಿಲ್ಲ. ಬರುವವರೆಲ್ಲ ಬಂದಾದ ಮೇಲೆ ಒಬ್ಬ ಆಳು ಹೋಗಿ ಹಲಗೆ ನೋಡಿ ಬರೆದುಕೊಂಡು ಬರುತ್ತಿದ್ದ. ಮದುಮಗ ದಾಟಿದಾಗ ಹಲಗೆ 998 ತೋರಿಸಿತು. ಅವನ ಅಕ್ಕ ದಾಟಿದಾಗ 999. ಅವಳ ಹಿಂದೆ ಸೋದರಮಾವ ದಾಟಿದ. ಹಲಗೆ 000 ತೋರಿಸಿತು.

ನಾನು ಅಲ್ಲಿಗೆ ತಲುಪಿದ್ದು ಮಧ್ಯಾಹ್ನ ಎರಡು ಗಂಟೆಗೆ. ಕಲ್ಲು ದಾಟಿದಾಗ ಹಲಗೆ 001 ಆಯಿತು. ಒಲೆಗಳು ಇನ್ನೂ ಉರಿಯುತ್ತಿದ್ದವು. ಹಂಡೆಯಲ್ಲಿ ಅನ್ನ ತಳ ಹಿಡಿದಿತ್ತು. ಚಪ್ಪರದ ಕೆಳಗೆ ನೂರಾರು ಎಲೆಗಳನ್ನು ಹಾಸಿ ಉಪ್ಪು ಬಡಿಸಿದ್ದರು. ಒಂದು ಮನೆಯಲ್ಲಿ ಖಾಲಿ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು ಎಂದೂ ಬರೆದಿದ್ದೆ. "ನೀನು ನೋಡಿದ್ಯಾ?" ಎಂದು ಸಂಪಾದಕರು ಕೇಳಿದರು. ನೋಡಿರಲಿಲ್ಲ. ಅವರು ಆ ಸಾಲು ಹೊಡೆದುಹಾಕಿದರು. ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ ಎಂದು ಹೇಳಲು ತೊಟ್ಟಿಲು ಬೇಕಿರಲಿಲ್ಲ.

ದಿಬ್ಬಣದಲ್ಲಿ ಹಿಂದೆ ಉಳಿದು ಕಲ್ಲಿನ ಹೊರಗೇ ಇದ್ದವರು ಎಂಟು ಜನ. ಏಳು ಜನ ಬಾಜಾದವರು. ಎಂಟನೆಯವಳು ದ್ಯಾಮವ್ವ. ಆಗ ಅವಳಿಗೆ ಇಪ್ಪತ್ತೈದು ವರ್ಷ, ಐದು ತಿಂಗಳ ಬಸುರಿ. ಚಪ್ಪಲಿಯ ಉಂಗುಟ ಕಿತ್ತುಬಂದು, ಸರಿಮಾಡಿಕೊಳ್ಳಲು ಕೂತಿದ್ದಳು. ಅವಳ ಗಂಡ ತಲೆಯ ಮೇಲೆ ಟ್ರಂಕು ಹೊತ್ತು ಮುಂದೆ ಹೋಗಿದ್ದ. ಬಾಜಾದವರು ಬಂದ ದಾರಿಯಲ್ಲೇ ಹೊರಟುಹೋದರು. ದ್ಯಾಮವ್ವ ನನ್ನ ಜೊತೆ ನದಿ ದಾಟಿ ನಮ್ಮ ಊರಿಗೆ ಬಂದಳು. ನಾನು ದಾಟಿದಾಗ ನಮ್ಮ ಹಲಗೆ 713 ಆಯಿತು. ಅವಳು ಬಂದಾಗ 714. ನಾಲ್ಕು ತಿಂಗಳ ನಂತರ ಮಗಳು ಕಸ್ತೂರಿ ಹುಟ್ಟಿದಳು. ಅಂದಿನಿಂದ ದ್ಯಾಮವ್ವ ಗಡಿಕಲ್ಲನ್ನು ದಾಟುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಯಾಕೆಂದು ಯಾರೂ ಕೇಳಿಲ್ಲ.

ಆ ಗುರುವಾರದ ನಂತರ ನಮ್ಮ ಊರಿನಲ್ಲಿ ಎಲ್ಲೆ ಹೇಳದೆ ಯಾರೂ ಏನನ್ನೂ ಎಣಿಸುವುದಿಲ್ಲ. ರೊಟ್ಟಿ ಬಡಿಯಲು ಕೂತ ಹೆಂಗಸು ಮೊದಲು "ಸೊನ್ನಿಯಿಂದ ಮೂವತ್ತು" ಅನ್ನುತ್ತಾಳೆ, ಆಮೇಲೆ ಹಿಟ್ಟಿಗೆ ಕೈ ಹಾಕುತ್ತಾಳೆ. ಮೂವತ್ತಕ್ಕೆ ಕೈ ನಿಲ್ಲುತ್ತದೆ. ಇನ್ನೂ ಬೇಕಾದರೆ ಹೊಸ ಎಲ್ಲೆ ಹೇಳಿ ಹೊಸದಾಗಿ ಶುರು ಮಾಡುತ್ತಾಳೆ. ಹುಣಸೆಬೀಜ ಆಡುವ ಮಕ್ಕಳೂ ಹಾಗೆಯೇ. ಕೆರೆಯ ದೋಣಿಗೆ ಸೊನ್ನೆಯಿಂದ ನಲವತ್ತು, ಶಾಲೆಯ ತರಗತಿಗೆ ಒಂದರಿಂದ ಅರವತ್ತು. ಗಡಿಯಾರ ಹನ್ನೆರಡಾದ ಮೇಲೆ ಒಂದಕ್ಕೆ ಬರುತ್ತದೆ. ಅದಕ್ಕೆ ಯಾರದೂ ತಕರಾರಿಲ್ಲ, ಯಾಕೆಂದರೆ ಅದು ಸುತ್ತುತ್ತದೆ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿದ್ದೇವೆ. ಒಪ್ಪಿಕೊಳ್ಳದೆ ಸುತ್ತುವುದೇ ಅಪಾಯ. ಒಮ್ಮೆ ಶಾಲೆಯ ಮಾಸ್ತರರು ತರಗತಿಯ ಚೀಟಿಯನ್ನೇ ದೋಣಿಗೆ ಕಳಿಸಿದರು, ಐವತ್ತೆರಡು ಎಂದು ಬರೆದು. ಐವತ್ತೆರಡು ದೋಣಿಯ ಎಲ್ಲೆಯೊಳಗೆ ಬರುವುದಿಲ್ಲವೆಂದು ಅಂಬಿಗ ಚೀಟಿ ಹಿಂದಕ್ಕೆ ಕೊಟ್ಟ, ಮಕ್ಕಳೆಲ್ಲ ಬದುಕಿದವು. ಆಮೇಲೆ ನಾವು ಚೀಟಿಗಳಿಗೆ ಬಣ್ಣ ಕೊಟ್ಟೆವು. ಶಾಲೆಯದು ಹಳದಿ, ದೋಣಿಯದು ನೀಲಿ, ಹೆರಿಗೆಯದು ಬಿಳಿ. ಹಳದಿ ಚೀಟಿಯ ಅಂಕಿಯನ್ನು ನೀಲಿ ಚೀಟಿಗೆ ಹಾಗೇ ಎತ್ತಿ ಬರೆಯುವಂತಿಲ್ಲ. ಬಳೆ ಕೊಳ್ಳಲು ಬರುವ ಹೊರಗಿನ ವ್ಯಾಪಾರಿಗಳು ಇದನ್ನೆಲ್ಲ ನೋಡಿ ನಗುತ್ತಾರೆ. ಅವರು ಕಲ್ಲಿನ ಹೊರಗೇ ನಿಂತು ನಗುತ್ತಾರೆ, ಸರಕನ್ನು ನಾವು ಕೈಯಿಂದ ಕೈಗೆ ದಾಟಿಸುತ್ತೇವೆ.

ಹೊಲ, ಕೆರೆ, ಬಳೆ ಭಟ್ಟಿ ಎಲ್ಲ ಕಲ್ಲಿನ ಒಳಗೇ ಇರುವುದರಿಂದ ಹೊರಗೆ ಹೋಗುವವರು ಕಡಿಮೆ. ಬರುವವರಿಗೆ ನಮ್ಮ ಕಚೇರಿಯ ನಿಯಮ ಒಂದೇ. ಮೊದಲು ನೋಡು, ಆಮೇಲೆ ಕೂಡಿಸು. ಹಲಗೆಯ ಅಂಕಿಗೆ ಬರುವವರ ಅಂಕಿಯನ್ನು ಬಾಯಲ್ಲಿ ಕೂಡಿಸಿ, ಅದು ಎಲ್ಲೆಯೊಳಗಿದ್ದರೆ ಮಾತ್ರ ಅಡ್ಡಗಂಬ ಎತ್ತುತ್ತೇವೆ. ಮೊದಲಿಗೆ ಎಲ್ಲೆ 990 ಎಂದು ನಾನೇ ಬರೆದಿದ್ದೆ, ಒಂಬತ್ತು ಕೈಯಲ್ಲಿರಲಿ ಎಂದು. ಒಂಬತ್ತು ಸಲ ಜನ ಬಂದು "ಇದೊಂದು ಸರ್ತಿ" ಎಂದು ಕೇಳಿದರು. ಒಂಬತ್ತು ಸಲವೂ ಕಾರಣ ನಿಜವಾಗಿತ್ತು. ಈಗ ನಾಲ್ಕು ವರ್ಷಗಳಿಂದ ಎಲ್ಲೆ 999. ಇನ್ನೊಂದು ಅಂಕಿಗೆ ಜಾಗವಿರುವ ಹಲಗೆ ಮಾಡಿಸಿ ಎನ್ನುವವರಿದ್ದಾರೆ. ಹೊಸದು ಹಾಕಲು ಹಳೆಯದನ್ನು ಕೆಳಗಿಳಿಸಬೇಕು. ಇಳಿಸಿದ ಹೊತ್ತಿನಲ್ಲಿ ಊರಿನಲ್ಲಿ ಎಷ್ಟು ಜನ ಇರುತ್ತಾರೆ ಎಂಬ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಹೇಳಿಲ್ಲ.

ಬರುವವರನ್ನು ತಡೆಯಬಹುದು, ಹುಟ್ಟುವವರನ್ನು ತಡೆಯಲಾಗದು. ಹೊರಗೆ ಹೆತ್ತರೂ ಕೂಸನ್ನು ಒಳಗೆ ತರಲೇಬೇಕು, ಆಸ್ಪತ್ರೆ ಇರುವುದೂ ಒಳಗೇ. ಹಾಗಾಗಿ ಬೆಂಚು ಬಂತು. ಗಡಿಕಲ್ಲಿನಿಂದ ಹತ್ತು ಹೆಜ್ಜೆ ಆಚೆ ಒಂದು ಸಿಮೆಂಟಿನ ಬೆಂಚು, ಮೇಲೆ ತಗಡಿನ ಸೂರು, ಮಲಗಲು ಪಕ್ಕದಲ್ಲೊಂದು ಕೋಣೆ. ಹೆರಿಗೆಗೆ ಒಂದು ವಾರ ಇರುವಾಗ ಆಸ್ಪತ್ರೆಯಿಂದ ಬಿಳಿ ಚೀಟಿ ಬರುತ್ತದೆ. ಅಂದಿನಿಂದ ಒಬ್ಬರು ಹೊರಗೆ ಕೂತು ಹುಟ್ಟಲಿರುವ ಕೂಸಿಗೆ ಜಾಗ ಬಿಡಬೇಕು. ಹುಟ್ಟಿದ ಮೇಲೂ, ಊರಲ್ಲಿ ಒಂದು ಜಾಗ ತೆರವಾಗುವವರೆಗೆ, ಯಾರಾದರೊಬ್ಬರು ಅಲ್ಲಿರಬೇಕು. ಮನೆಗೊಂದು ದಿನದಂತೆ ಸರದಿ, ಬೆಳಿಗ್ಗೆ ಏಳರಿಂದ ಏಳು. ಪಟ್ಟಿ ನನ್ನ ಹತ್ತಿರ ಇರುತ್ತದೆ.

ಮೊದಲ ವರ್ಷ ಜನ ಸರದಿಯ ಪ್ರಕಾರವೇ ಬಂದು ಕೂತರು. ಆಮೇಲೆ ಒಬ್ಬರಿಗೆ ಜ್ವರ, ಒಬ್ಬರಿಗೆ ಬಿತ್ತನೆ. ದ್ಯಾಮವ್ವ "ನಾ ಕುಂದರ್ತೀನಿ ಬಿಡ್ರಿ" ಅಂದಳು. ಯಾರ ಸರದಿಯೋ ಅವರ ಮನೆಯಿಂದ ಬುತ್ತಿ ಬರುತ್ತಿತ್ತು. ಕ್ರಮೇಣ ಜ್ವರವೂ ಬೇಕಾಗಲಿಲ್ಲ, ಬಿತ್ತನೆಯೂ ಬೇಕಾಗಲಿಲ್ಲ. ಬೆಂಚನ್ನು ಜನ ದ್ಯಾಮವ್ವನ ಬೆಂಚು ಎಂದೇ ಕರೆಯತೊಡಗಿದರು, ಅವಳಿಗೇನೋ ಆಸ್ತಿ ಬರೆದುಕೊಟ್ಟ ಹಾಗೆ. ಕಳೆದ ವರ್ಷ ಬೆಂಚಿನ ಮೇಲೆ ಒಬ್ಬರು ಇರಬೇಕಾದ ದಿನಗಳು ಮುನ್ನೂರ ಹನ್ನೆರಡು. ಅದರಲ್ಲಿ ಇನ್ನೂರ ನಲವತ್ತೊಂದು ದಿನ ಕೂತವಳು ದ್ಯಾಮವ್ವ. ಈ ಅಂಕಿ ನನಗೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಸರದಿಯ ಮನೆಯ ಹೆಸರಿನ ಮುಂದೆ "ಬದಲಿ: ದ್ಯಾಮವ್ವ" ಎಂದು ಬರೆದವನು ನಾನೇ. ಒಟ್ಟು ಎಲ್ಲೆಯೊಳಗಿದೆಯೇ ಎಂದು ನೋಡುವುದು ನನ್ನ ಕೆಲಸ. ಎಲ್ಲೆಯೊಳಗಿತ್ತು.

ನಾನು ಹೇಳಬೇಕಾಗಿರುವುದು ಒಂದು ಮಂಗಳವಾರದ ಬಗ್ಗೆ. ಕಸ್ತೂರಿಯ ಬಿಳಿ ಚೀಟಿ ಬಂದು ಐದು ದಿನವಾಗಿತ್ತು. ಐದು ದಿನವೂ ದ್ಯಾಮವ್ವ ಹೊರಗೇ ಇದ್ದಳು. ಹಲಗೆ 998 ತೋರಿಸುತ್ತಿತ್ತು. ಅವತ್ತಿನ ಸರದಿ ಬಳೆ ಭಟ್ಟಿಯ ಮಾಲೀಕ ದೇಸಾಯಿಯವರ ಮನೆಯದು. ಬೆಳಿಗ್ಗೆ ಏಳಕ್ಕೆ ಆ ಮನೆಯಿಂದ ಬುತ್ತಿ ಬಂತು, ಜನ ಬರಲಿಲ್ಲ.

"ಸಾಹೇಬ್ರ, ಹಲಗಿ ಏನ ಅಂತೈತಿ?" ದಿನವೂ ಇದು ದ್ಯಾಮವ್ವನ ಮೊದಲ ಮಾತು.

"ನೀನ ನೋಡವಾ. ಕಣ್ಣ ಅದಾವಲ್ಲ."

"ನಿಮ್ಮ ಬಾಯಿಂದ ಕೇಳಿದ್ರ ಹೊಟ್ಟಿಗಿ ಹತ್ತತೈತ್ರಿ."

"ಒಂಬೈನೂರ ತೊಂಬತ್ತೆಂಟು."

"ಅಂದ್ರ ನನ್ನ ಮೊಮ್ಮಗಂದ ಜಾಗಾ ಹಂಗ ಐತಿ." ಅವಳು ಬುತ್ತಿಯ ಮುಚ್ಚಳ ತೆಗೆದು ನೋಡಿದಳು. "ದೇಸಾಯರ ಮನ್ಯಾಗ ಬದನಿಕಾಯಿ ಎಣ್ಣಿ ಕಾಣದ ಸತ್ತಾವ ನೋಡ್ರಿ."

ಒಂಬತ್ತು ಗಂಟೆಗೆ ಆಸ್ಪತ್ರೆಯಿಂದ ಡಾಕ್ಟರ್ ಸುಲೋಚನಾ ಫೋನು ಮಾಡಿದರು. ಕಸ್ತೂರಿಗೆ ನಸುಕಿನಿಂದ ನೋವು, ಕೂಸು ತಿರುಗಿ ಕೂತಿದೆ, ಹುಡುಗಿ ಸೋತಿದ್ದಾಳೆ. "ಅವ್ವನ್ನ ಕರಸ್ರಿ ಅಂತ ಒಂದ ಸಮನ ಅಳ್ಳಿಕತ್ಯಾಳ್ರಿ. ನಾ ಹೇಳಿದ್ದು ಒಂದೂ ಕಿವಿಗೆ ಬೀಳವಲ್ದು. ಅವರವ್ವ ಪಕ್ಕಕ್ಕಿದ್ರ ನನಗ ಕೆಲಸ ಹಗರ ಆಗ್ತದ. ಇಲ್ಲಾಂದ್ರ ಏನಾಗ್ತದೋ ನಾ ಹೇಳಾಂಗಿಲ್ಲ."

ದ್ಯಾಮವ್ವ ಬೆಂಚಿನಿಂದ ಎದ್ದು ಕಲ್ಲಿನ ಹತ್ತಿರ ಬಂದಿದ್ದಳು. ನಾನು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು.

"ನಾ ಒಳಗ ಬಂದ್ರ ತೊಂಬತ್ತೊಂಬತ್ತು," ಅಂದಳು. "ಕೂಸು ಹುಟ್ಟಿದ್ರ?"

ನಾನು ದೇಸಾಯಿಯವರಿಗೆ ಫೋನು ಮಾಡಿದೆ. ಸರದಿ ಅವರದು, ಒಬ್ಬರು ಬಂದು ಬೆಂಚಿನ ಮೇಲೆ ಕೂತರೆ ಸಾಕು ಎಂದೆ.

"ಕಡಕೋಳ, ಇವತ್ತ ಭಟ್ಟಿ ಹಚ್ಚೇವಿ. ಭಟ್ಟಿ ಹಚ್ಚಿದ ದಿನಾ ನಮ್ಮ ಮನ್ಯಾಗಿನ ಒಂದ ಹುಳಾನೂ ಹೊರಗ ಬರಾಂಗಿಲ್ಲ. ದ್ಯಾಮವ್ವ ಕುಂತಾಳಲ್ಲ?"

"ಅಕಿ ಮಗಳದ ಹೆರಿಗಿರೀ."

"ಅದಕ್ಕ ಹೇಳಿದ್ದು. ಸ್ವಂತ ಮೊಮ್ಮಗನ ಸಲುವಾಗಿ ಕುಂದರ್ತಾಳ. ಮಂದಿ ಸಲುವಾಗಿ ಇಷ್ಟ ದಿನಾ ಕುಂತಾಕಿ, ಇದಕ್ಕ ಒಲ್ಲೆ ಅಂತಾಳೇನು?" ಅವರು ಫೋನು ಇಟ್ಟರು.

ಪಟ್ಟಿಯಲ್ಲಿ ಮುಂದಿನ ಮನೆ, ಅದರ ಮುಂದಿನ ಮನೆ. ಒಂದೂವರೆ ತಾಸಿನಲ್ಲಿ ಹನ್ನೊಂದು ಮನೆಗಳಿಗೆ ಹೇಳಿ ಕಳಿಸಿದೆ. ಹನ್ನೊಂದು ಕಾರಣಗಳು ಬಂದವು. ಅಷ್ಟರಲ್ಲಿ ಹತ್ತು ನಲವತ್ತಕ್ಕೆ ಮತ್ತೆ ಫೋನು. ಡಾಕ್ಟರ ದನಿ ಈ ಸಲ ಸಣ್ಣಗಿತ್ತು.

"ಕಡಕೋಳರ, ಎರಡು ಎದಿಬಡಿತ ಕೇಳ್ಸಲಿಕತ್ತಾವ್ರಿ. ಒಂದರ ಹಿಂದ ಒಂದು ಅಡಗಿತ್ತು. ಅವಳಿ ಅದಾವ."

ನಾನು ಬಿಳಿ ಚೀಟಿಯನ್ನು ಫೈಲಿನಿಂದ ತೆಗೆದೆ. ತಾಯಿಯ ಹೆಸರು, ವಯಸ್ಸು, ಕೇರಿ, ನಿರೀಕ್ಷಿತ ದಿನ. ಎಷ್ಟು ಕೂಸು ಎಂಬ ಕಾಲಮ್ಮೇ ಇರಲಿಲ್ಲ. ಆ ಚೀಟಿಯ ನಮೂನೆ ತಯಾರಿಸಿದ್ದು ನಾನು. ರೊಟ್ಟಿಗೆ ಎಲ್ಲೆ ಕೇಳಿದವನು, ದೋಣಿಗೆ ಎಲ್ಲೆ ಕೇಳಿದವನು, ಹೆರಿಗೆಗೆ ಮಾತ್ರ ಒಂದು ಚೀಟಿ ಎಂದರೆ ಒಂದು ಎಂದು ಹಿಡಿದುಬಿಟ್ಟಿದ್ದೆ. ಹಳೆಯ ದಫ್ತರುಗಳನ್ನು ಆಮೇಲೆ ತೆಗೆದು ನೋಡಿದೆ. ಈ ಇಪ್ಪತ್ತಾರು ವರ್ಷಗಳಲ್ಲಿ ಮೂರು ಸಲ ಅವಳಿಗಳು ಹುಟ್ಟಿದ್ದಾರೆ. ಆಗೆಲ್ಲ ಹಲಗೆ 760, 802, 931. ಜಾಗವಿತ್ತು, ಹಾಗಾಗಿ ತಪ್ಪು ತಪ್ಪಿನ ಹಾಗೆ ಕಾಣಲಿಲ್ಲ. ಈಗ 998ಕ್ಕೆ ಎರಡು ಕೂಡಿದರೆ ಸಾವಿರ.

ಕಚೇರಿಯ ಮುಂದಿನ ಗಂಟೆಯನ್ನು ಬಾರಿಸಿದೆ. ಅದನ್ನು ಬಾರಿಸಿದ್ದು ಅದೇ ಮೊದಲು. ಹತ್ತು ನಿಮಿಷದಲ್ಲಿ ಅರವತ್ತು ಎಪ್ಪತ್ತು ಜನ ಸೇರಿದರು. ದೇಸಾಯಿಯವರು ಸ್ಕೂಟರಿನಲ್ಲಿ ಬಂದರು. ಟೇಲರ್ ಮೀರಾಸಾಬ ಕೊರಳಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ಕುಬುಸ ಹಿಡಿದುಕೊಂಡೇ ಬಂದ. ನಾನು ವಿಷಯ ಹೇಳಿದೆ. ಒಬ್ಬರು ಈಗಲೇ ಹೊರಗೆ ಬರಬೇಕು, ಇಲ್ಲದಿದ್ದರೆ ಊರು ಉಳಿಯುವುದಿಲ್ಲ. ಇಬ್ಬರು ಬಂದರೆ ದ್ಯಾಮವ್ವ ಮಗಳ ಹತ್ತಿರ ಹೋಗಬಹುದು.

ಯಾರಾದರೂ ಮಾತಾಡುವ ಮೊದಲೇ ನಾನು ಅಡ್ಡಗಂಬ ಎತ್ತಿ ಕಲ್ಲು ದಾಟಿದೆ. ತಗಡು ಮಗುಚಿತು. 997.

ಜನರ ಉಸಿರು ನನಗೆ ಹೊರಗಿನಿಂದಲೂ ಕೇಳಿಸಿತು. ದೇಸಾಯಿಯವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ತೊಂಬತ್ತೇಳು, ಎರಡು. ತೊಂಬತ್ತೊಂಬತ್ತು. ಲೆಕ್ಕ ಸರಿ ಆತಲ್ಲ. ಎಲ್ಲಾರೂ ನಡ್ರಿ ಇನ್ನ, ಭಟ್ಟಿ ಆರತೈತಿ."

ಲೆಕ್ಕ ಸರಿಯಾಗಿಯೇ ಇತ್ತು. ನನ್ನ ನಿಯಮದಲ್ಲಿ ಅದಕ್ಕಿಂತ ಹೆಚ್ಚಿಗೆ ಏನೂ ಬರೆದಿರಲಿಲ್ಲ. ಹಿಂದಿದ್ದವರು ತಿರುಗಿ ನಡೆಯತೊಡಗಿದರು. ದ್ಯಾಮವ್ವ ನನ್ನ ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ಚಪ್ಪಲಿ ಹಿಡಿದಿದ್ದಳು. ಅವಳೂ ಲೆಕ್ಕ ಮಾಡಿದ್ದಳು, ಅವಳಿಗಿಂತ ಚೆನ್ನಾಗಿ ಆ ಲೆಕ್ಕ ಮಾಡುವವರು ಊರಲ್ಲಿ ಯಾರಿದ್ದರು?

"ಮೀರಾಸಾಬ," ಎಂದೆ. "ಮೇಜಿನ ಮ್ಯಾಲಿನ ಕೆಂಪ ಪುಸ್ತಕ ಇಲ್ಲೆ ಕೊಡು."

ಅವನು ಕಲ್ಲಿನ ಮೇಲಿಂದ ಕೈಚಾಚಿ ಕೊಟ್ಟ. ಸರದಿಯ ಪುಸ್ತಕ. ನಾನು ಕಳೆದ ವರ್ಷದ ಹಾಳೆ ತೆರೆದು ಗಟ್ಟಿಯಾಗಿ ಓದತೊಡಗಿದೆ. ಯಾರನ್ನೂ ಬೈಯಲಿಲ್ಲ, ಒಂದು ಮಾತನ್ನೂ ಸೇರಿಸಲಿಲ್ಲ. "ದೇಸಾಯಿ ಮನೆ. ಸರದಿ ಎರಡು. ಎರಡೂ ದಿನ ದ್ಯಾಮವ್ವ. ಅಂಚೆ ಮಾಸ್ತರರ ಮನೆ. ಸರದಿ ಎರಡು. ಎರಡೂ ದಿನ ದ್ಯಾಮವ್ವ. ಬಣಗಾರರ ಮನೆ. ಸರದಿ ಒಂದು. ದ್ಯಾಮವ್ವ. ಟೇಲರ್ ಮೀರಾಸಾಬ. ಸರದಿ ಎರಡು. ಎರಡೂ ದಿನ ದ್ಯಾಮವ್ವ. ಗಡಿ ಕಚೇರಿ ಗುಮಾಸ್ತ ಕಡಕೋಳ." ಬೆರಳನ್ನು ಆ ಸಾಲಿನ ಮೇಲಿಟ್ಟು ಓದಿದೆ. "ಸರದಿ ಎರಡು. ಎರಡೂ ದಿನ ದ್ಯಾಮವ್ವ."

"ಸಾಕ ಬಿಡ್ರಿ ಸಾಹೇಬ್ರ," ಯಾರೋ ಅಂದರು.

"ಇನ್ನ ನೂರಾ ಎಂಬತ್ತ ಮನಿ ಅದಾವು," ಎಂದು ನಾನು ಹಾಳೆ ತಿರುವಿದೆ.

ಮೀರಾಸಾಬ ಕೊರಳಿನ ಟೇಪು ತೆಗೆದು ಕಿಸೆಗೆ ತುರುಕಿದ. "ಮಿಷನ್ ಹೊರಗ ತರಾಕ ಬರಾಂಗಿಲ್ಲ. ಗುಂಡಿ ಹಚ್ಚಾಕ ಎಲ್ಲಿ ಕುಂತರೇನು?" ಅನ್ನುತ್ತ ಕುಬುಸದ ಜೊತೆಗೇ ಕಲ್ಲು ದಾಟಿದ. 996. ದೇಸಾಯಿಯವರ ಮುಂದೆ ಹಾಯುವಾಗ, "ಧಣೇರ, ಈ ಕುಬುಸ ನಿಮ್ಮ ಮನೀದ. ತಡಾ ಆದ್ರ ಬೆಂಚಿಗಿ ಬಂದು ಕೇಳ್ರಿ," ಅಂದ. ಒಬ್ಬಿಬ್ಬರು ನಕ್ಕರು. ದೇಸಾಯಿಯವರು ನಗಲಿಲ್ಲ.

ದ್ಯಾಮವ್ವ ಕಲ್ಲಿನ ಹತ್ತಿರ ಹೋಗಿ ನಿಂತುಬಿಟ್ಟಳು. ಒಂದು ಕಾಲು ಎತ್ತಿದವಳು ಮತ್ತೆ ಕೆಳಗಿಟ್ಟಳು.

"ಬಾಯಿ ಬಿಟ್ಟ ಹೇಳ್ರಿ, ಸಾಹೇಬ್ರ."

"ಒಂಬೈನೂರ ತೊಂಬತ್ತಾರು," ಎಂದೆ. "ನೀ ಒಬ್ಬಾಕಿ, ತೊಂಬತ್ತೇಳು. ಕೂಸ ಎರಡು, ತೊಂಬತ್ತೊಂಬತ್ತು. ಎಲ್ಲೆಯೊಳಗ ಐತಿ."

"ಇನ್ನೊಮ್ಮಿ."

ಇನ್ನೊಮ್ಮೆ ಹೇಳಿದೆ. ಅವಳು ಚಪ್ಪಲಿಯನ್ನು ಬೆಂಚಿನ ಕಡೆಗೆ ಎಸೆದು, ಬರಿಗೈಯಲ್ಲಿ ದಾಟಿ, ಆಸ್ಪತ್ರೆಯ ದಾರಿ ಹಿಡಿದು ಓಡಿದಳು. ಐವತ್ತೆರಡರ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಹಲಗೆ 997.

ಜನ ಚದುರಿದರು. ಊಟದ ಹೊತ್ತಾಗಿತ್ತು, ಬಿಸಿಲಿಗೆ ಓಣಿ ಖಾಲಿಯಾಯಿತು. ನಾನು ಮತ್ತು ಮೀರಾಸಾಬ ಬೆಂಚಿನ ಮೇಲೆ ಕೂತೆವು. ಇಪ್ಪತ್ತಾರು ವರ್ಷ ಆ ಹಲಗೆಯನ್ನು ಒಳಗಿನಿಂದ ನೋಡಿದ್ದೆ. ಹೊರಗಿನಿಂದ ಕೂತು ನೋಡಿದ್ದು ಅದೇ ಮೊದಲು. ಒಳಗಿರುವವನಿಗೆ ಅದು ಲೆಕ್ಕದ ಹಲಗೆ. ಲೆಕ್ಕ ತಪ್ಪಿದರೆ ಅವನಿಗೆ ಅದು ತಿಳಿಯುವುದೂ ಇಲ್ಲ, ಅವನೇ ಇರುವುದಿಲ್ಲ. ತಿಳಿಯುವುದು ಬೆಂಚಿನ ಮೇಲೆ ಕೂತವನಿಗೆ. ನನ್ನ ಹೆಂಡತಿ ಒಳಗಿದ್ದಳು. ಮೀರಾಸಾಬನ ಮೂವರು ಮಕ್ಕಳು ಒಳಗಿದ್ದರು. ಡಾಕ್ಟರು ಎರಡು ಎದೆಬಡಿತ ಎಂದಿದ್ದರು. ಒಂದರ ಹಿಂದೆ ಒಂದು ಅಡಗಿದ್ದರೆ, ಎರಡರ ಹಿಂದೆ ಮೂರನೆಯದು ಅಡಗಿರಲಾರದೇ? ಇದನ್ನು ನಾನು ಕೇಳಿರಲಿಲ್ಲ. ಈಗ ಕೇಳಲು ಫೋನು ಒಳಗಿತ್ತು, ನಾನು ದಾಟುವಂತಿರಲಿಲ್ಲ.

"ಇಲ್ಲಿ ಕುಂತು ದ್ಯಾಮವ್ವ ಏನ ಮಾಡ್ತಿದ್ಲೋ," ಎಂದ ಮೀರಾಸಾಬ ಸೂಜಿಗೆ ದಾರ ಪೋಣಿಸುತ್ತ. ಮೂರು ಸಲ ಪ್ರಯತ್ನಿಸಿದರೂ ದಾರ ಹೋಗಲಿಲ್ಲ.

ಹನ್ನೆರಡೂ ಮೂವತ್ತೈದಕ್ಕೆ ತಗಡು ಮಗುಚಿತು. 998. ಇನ್ನೊಂದು ಬರಬೇಕಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ಬರದಿದ್ದರೆ ಒಂದು ದುಃಖ, ಬಂದ ಮೇಲೆ ಹಲಗೆ ಅಲ್ಲಿಗೇ ನಿಲ್ಲದಿದ್ದರೆ ಇನ್ನೊಂದು. ಹನ್ನೆರಡೂ ಐವತ್ತಾರಕ್ಕೆ ಮತ್ತೆ ಟಕ್ಕೆಂದಿತು. 999.

ಹಲಗೆ ಅಲ್ಲೇ ನಿಂತಿತು. ನಾನು ಅದನ್ನು ನೋಡುತ್ತಿದ್ದೆ, ಆದರೆ ನಂಬಿಕೆ ಬರಲಿಲ್ಲ. ಕಣ್ಣು ಮಿಟುಕಿಸಿದಾಗ ಅದು ಬದಲಾಗಬಹುದು ಅನ್ನಿಸಿತು. ಓಣಿಯಲ್ಲಿ ಒಂದು ನಾಯಿ ಮಲಗಿತ್ತು. ನಾಯಿ ಲೆಕ್ಕಕ್ಕಿಲ್ಲ. ಭಟ್ಟಿಯ ಹೊಗೆ ಏಳುತ್ತಿತ್ತು. ನದಿಯಾಚೆಯ ಊರಲ್ಲೂ ಒಲೆಗಳು ಎರಡು ಗಂಟೆಯವರೆಗೆ ಉರಿದಿದ್ದವು.

"ಸಾಹೇಬ್ರ," ಮೀರಾಸಾಬ ಸೂಜಿಯನ್ನು ಕುಬುಸಕ್ಕೆ ಚುಚ್ಚಿಟ್ಟ. "ಒಳಗ ಯಾರರ ಒಮ್ಮಿ ಕೆಮ್ಮಿದ್ರ ಛಲೋ ಇತ್ತು ನೋಡ್ರಿ."

ಆಗ ಕಚೇರಿಯ ಫೋನು ಹೊಡೆಯಿತು. ಎತ್ತುವವರಿರಲಿಲ್ಲ. ನಾನಿದ್ದದ್ದು ಕಲ್ಲಿನಿಂದ ಹತ್ತು ಹೆಜ್ಜೆ ಆಚೆ, ಒಂದು ಹೆಜ್ಜೆ ಒಳಗಿಟ್ಟರೆ ಸಾವಿರ. ಅದು ಹೊಡೆಯುತ್ತಲೇ ಇತ್ತು. ಹನ್ನೊಂದು ಸಲ ಹೊಡೆದು ನಿಂತಿತು, ಮತ್ತೆ ಶುರುವಾಯಿತು. ಆ ಕಡೆ ಯಾರೋ ನಂಬರು ತಿರುಗಿಸಿದ್ದರು. ತಿರುಗಿಸಲು ಬೆರಳಿತ್ತು. ಮೀರಾಸಾಬ ಕುಬುಸವನ್ನು ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಗೊತ್ತಿಲ್ಲ, ನಾನು ನೋಡಲಿಲ್ಲ.

ಎರಡು ಹೆಣ್ಣು ಕೂಸುಗಳು, ತಾಯಿ ಕ್ಷೇಮ ಎಂದು ನಮಗೆ ತಿಳಿದದ್ದು ಅರ್ಧ ತಾಸಿನ ನಂತರ, ಡಾಕ್ಟರು ಸಿಟ್ಟಿನಿಂದ ನಡೆದುಕೊಂಡೇ ಬಂದು "ಫೋನ್ ಎತ್ತಾಕ ಏನ ಧಾಡಿ ನಿಮಗ?" ಎಂದಾಗ.

ಬಿಳಿ ಚೀಟಿಯಲ್ಲಿ ಈಗ ಹೊಸ ಕಾಲಮ್ಮಿದೆ. ಎಷ್ಟು ಕೂಸು, ಒಂದರಿಂದ ನಾಲ್ಕು. ಡಾಕ್ಟರಿಗೆ ಖಾತ್ರಿಯಿಲ್ಲದಿದ್ದರೆ ನಾಲ್ಕು ಎಂದೇ ಹಿಡಿಯುತ್ತೇವೆ. ಕೆಂಪು ಪುಸ್ತಕದಲ್ಲಿ ಬದಲಿಯ ಕಾಲಮ್ಮನ್ನು ನಾನು ತೆಗೆಯಲಿಲ್ಲ, ಜ್ವರ ಯಾರಿಗೂ ಬರುತ್ತದೆ. ಆದರೆ ಪ್ರತಿಯೊಬ್ಬರ ಹೆಸರಿಗೂ ಒಂದು ಎಲ್ಲೆ ಹಾಕಿದೆ. ವರ್ಷಕ್ಕೆ ಸೊನ್ನೆಯಿಂದ ನಾಲ್ಕು ದಿನ. ನಾಲ್ಕಾದ ಮೇಲೆ ಆ ಹೆಸರನ್ನು ಬೆಂಚಿಗೆ ಬರೆಯುವಂತಿಲ್ಲ, ಅವರೇ ಬಯಸಿದರೂ. ಒಟ್ಟು ಸರಿಯಿದ್ದರೆ ಸಾಲದು, ಒಟ್ಟಿನೊಳಗಿನ ಒಂದೊಂದೂ ಸರಿಯಿರಬೇಕು ಎಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಹೋದ ವರ್ಷದ ಇನ್ನೂರ ನಲವತ್ತೊಂದನ್ನು ಲೆಕ್ಕಕ್ಕೆ ಹಿಡಿದರೆ ದ್ಯಾಮವ್ವ ಇನ್ನು ಅರವತ್ತು ವರ್ಷ ಅಲ್ಲಿ ಕೂರುವಂತಿಲ್ಲ ಎಂದು ಅವಳಿಗೆ ಹೇಳಿದೆ.

"ಅಂದ್ರ ನೂರಾ ಹನ್ನೆರಡಕ್ಕ ನನ್ನ ಬೆಂಚ ನನಗ ಕೊಡ್ತೀರೇನು?" ಎಂದು ಜಗಳಕ್ಕೆ ಬಂದಳು. "ಅಷ್ಟೊತ್ತಿಗೆ ಕುಂದರಾಕರ ಬರ್ತೈತ್ಯೋ ಇಲ್ಲೋ."

ದೇಸಾಯಿಯವರ ಮಗ ತನ್ನ ಸರದಿಗೆ ಬಂದು ಕೂತ. ಎರಡನೆಯ ಸಲ ದೇಸಾಯಿಯವರೇ ಬಂದರು. ಬಂದವರು ಇಡೀ ದಿನ ಹಲಗೆಯಿಂದ ಕಣ್ಣು ತೆಗೆಯಲಿಲ್ಲ, ಬುತ್ತಿಯನ್ನೂ ಬಿಚ್ಚಲಿಲ್ಲ ಎಂದು ಪಕ್ಕದಲ್ಲಿ ಕೂತಿದ್ದವನು ಹೇಳಿದ. ಈಗ ದಿನಕ್ಕೆ ಇಬ್ಬರು ಕೂರಬೇಕಾಗುತ್ತದೆ. ಹೊಸ ಹಲಗೆ ಬೇಕು ಎನ್ನುತ್ತಿದ್ದವರಲ್ಲಿ ದೇಸಾಯಿಯವರೂ ಒಬ್ಬರು, ಆಮೇಲೆ ಆ ಮಾತು ಎತ್ತಿಲ್ಲ.

ಇನ್ನೊಂದು ರೂಢಿ ಬಂದಿದೆ, ಅದು ನಾನು ಬರೆದ ನಿಯಮವಲ್ಲ. ಮೀರಾಸಾಬ ಅವತ್ತಿನ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ, ಕೆಮ್ಮಿನ ಮಾತನ್ನೂ ಬಿಡದೆ. ಈಗ ಗಡಿಕಲ್ಲಿನ ಹತ್ತಿರದಿಂದ ಹಾಯುವವರು, ಹೊಲಕ್ಕೆ ಹೋಗುವವರಾಗಲಿ ಶಾಲೆಯಿಂದ ಬರುವ ಮಕ್ಕಳಾಗಲಿ, ಬೆಂಚಿನ ಕಡೆ ತಿರುಗಿ, ಇದ್ದೇವೆ ಎಂದು ಒಮ್ಮೆ ಕೂಗುತ್ತಾರೆ. "ಅದೀವ್ರೀ!" ಬೆಂಚಿನವರು "ಹೂಂ" ಅನ್ನುತ್ತಾರೆ. ಅಷ್ಟೇ.

ಮೊನ್ನೆ ನನ್ನ ಸರದಿ ಇತ್ತು. ಶಾಲೆಯ ಮಾಸ್ತರರನ್ನು ಕಚೇರಿಯಲ್ಲಿ ಕೂರಿಸಿ ಬಂದು ಬೆಂಚಿನ ಮೇಲೆ ಕೂತಿದ್ದೆ. ಸಂಜೆ ಐದರ ಹೊತ್ತಿಗೆ ದ್ಯಾಮವ್ವ ಬಂದಳು, ತೋಳಿಗೊಂದು ಕೂಸು. ಬರಿಗಾಲು. ಅವಳ ಚಪ್ಪಲಿ ಅವತ್ತಿನಿಂದ ಬೆಂಚಿನ ಕೆಳಗೇ ಇದೆ, ಕೊಡುತ್ತೇನೆ ಎಂದರೆ ಬೇಡ ಅನ್ನುತ್ತಾಳೆ. ಕಲ್ಲಿಗೆ ಒಂದು ಗೇಣು ದೂರದಲ್ಲಿ, ಒಳಗೆ, ನಿಂತಳು.

"ಅದೀವ್ರೀ, ಸಾಹೇಬ್ರ," ಅಂದಳು.

ಹಲಗೆಯ ಕಡೆ ನೋಡುವ ಮೊದಲೇ ನಾನು "ಹೂಂ" ಅಂದೆ.